ಭಿನ್ನರಾಶಿ ಭಾಗಾಕಾರದಲ್ಲಿ ಖಾಲಿ ಚೌಕ: ಗುಣಿಸೋದಾ, ಭಾಗಿಸೋದಾ?

□ ÷ 2/3 = 9/10

5/6 ÷ □ = 10/9

ಆರು, ಏಳನೇ ತರಗತಿ ಮಕ್ಕಳ ಹೋಂವರ್ಕಿನಲ್ಲಿ ಇಂಥ ಎರಡು ಲೆಕ್ಕ ಅಕ್ಕಪಕ್ಕ ಕೂತಿರುತ್ತವೆ. ನೋಡೋಕೆ ಎರಡೂ ಒಂದೇ ಥರ. ಖಾಲಿ ಚೌಕ ಮಾತ್ರ ಜಾಗ ಬದಲಾಯಿಸಿದೆ. ಆದರೆ ಮಾಡುವ ದಾರಿ ಬೇರೆ ಬೇರೆ. ಭಿನ್ನರಾಶಿ ಭಾಗಾಕಾರ ಚೆನ್ನಾಗಿಯೇ ಬರುವ ಮಕ್ಕಳು ಕೂಡ ಇಲ್ಲಿ ಎಡವುತ್ತಾರೆ, ಯಾಕಂದರೆ ಅವರ ತಲೆಯಲ್ಲಿ ಉಳಿದಿರೋದು ಒಂದೇ ಮಾತು: "ತಿರುಗಿಸು, ಗುಣಿಸು". ಯಾವುದನ್ನು ತಿರುಗಿಸಬೇಕು, ಈ ಲೆಕ್ಕದಲ್ಲಿ ತಿರುಗಿಸಲೇಬೇಕಾ ಅನ್ನೋದನ್ನು ಯಾರೂ ನಿಧಾನವಾಗಿ ಹೇಳಿಕೊಟ್ಟಿರುವುದಿಲ್ಲ.

ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಅಪ್ಪ ಅಮ್ಮಂದಿರಿಗೆ, ಟ್ಯೂಷನ್ ಹೇಳುವವರಿಗೆ, ತಾವೇ ಕೂತು ಲೆಕ್ಕ ಬಿಡಿಸುವ ಮಕ್ಕಳಿಗೆ ಇದನ್ನು ಬರೆಯುತ್ತಿದ್ದೇನೆ. ಒಂದು ಪೆನ್ಸಿಲ್, ಒಂದು ಹಾಳೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಸುಮ್ನೆ ಓದಿದರೆ ಎಲ್ಲಾ ಅರ್ಥವಾದ ಹಾಗೆ ಅನಿಸುತ್ತದೆ, ಕೈಯಲ್ಲಿ ಮಾಡಿದಾಗಲೇ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ ಅಂತ ಗೊತ್ತಾಗೋದು.

ಮೊದಲ ಕೆಲಸ: ಚೌಕ ಎಲ್ಲಿ ಕೂತಿದೆ?

ಭಿನ್ನರಾಶಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಹಾಳೆಯ ಮೇಲ್ಭಾಗದಲ್ಲಿ ದೊಡ್ಡದಾಗಿ ಹೀಗೆ ಬರೆದುಕೊಳ್ಳಿ:

12 ÷ 3 = 4

ಇಲ್ಲಿ 12 ಭಾಜ್ಯ, ಅಂದರೆ ನಾವು ಭಾಗ ಮಾಡುವ ಸಂಖ್ಯೆ. 3 ಭಾಜಕ, ಅಂದರೆ ಯಾವುದರಿಂದ ಭಾಗಿಸುತ್ತೇವೋ ಅದು. 4 ಭಾಗಲಬ್ಧ, ಅದೇ ಉತ್ತರ. ಈಗ ಬೆರಳಿನಿಂದ 12 ಅನ್ನು ಮುಚ್ಚಿ. □ ÷ 3 = 4. ಮುಚ್ಚಿದ್ದು ಎಷ್ಟು ಅಂತ ಕಂಡುಹಿಡಿಯಲು ಏನು ಮಾಡುತ್ತೀರಿ? ನಾಲ್ಕು ಮೂರಲ ಹನ್ನೆರಡು. ಗುಣಿಸಿದಿರಿ. ಈಗ 3ನ್ನು ಮುಚ್ಚಿ. 12 ÷ □ = 4. ಈ ಸಲ ಗುಣಿಸಿದರೆ 48 ಬರುತ್ತದೆ, ಅದು ಅಲ್ಲ ಅಂತ ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. 12ನ್ನು 4ರಿಂದ ಭಾಗಿಸಿದರೆ 3. ಇಲ್ಲಿ ಭಾಗಿಸಿದಿರಿ.

ಇಷ್ಟೇ ವಿಷಯ. ಚೌಕ ÷ ಗುರುತಿನ ಎಡಕ್ಕಿದ್ದರೆ ಗುಣಿಸಬೇಕು. ÷ ಗುರುತಿನ ಬಲಕ್ಕಿದ್ದರೆ ಭಾಗಿಸಬೇಕು. ಸಂಖ್ಯೆಗಳ ಬದಲು ಭಿನ್ನರಾಶಿ ಬಂದ ತಕ್ಷಣ ಈ ನಿಯಮ ಬದಲಾಗಲ್ಲ. 3/4 ಕೂಡ ಒಂದು ಸಂಖ್ಯೆಯೇ ಅಲ್ವಾ? ಮಕ್ಕಳಿಗೆ ಅದು ಎರಡು ಸಂಖ್ಯೆ ಒಂದರ ಮೇಲೊಂದು ಕೂತ ಹಾಗೆ ಕಾಣುತ್ತದೆ, ಅದರಿಂದಲೇ ಗಾಬರಿ. ಆದ್ದರಿಂದ ಯಾವ ಲೆಕ್ಕ ಬಂದರೂ ಪಕ್ಕದಲ್ಲಿ 12 ÷ 3 = 4 ಬರೆದು, ಅದೇ ಜಾಗವನ್ನು ಮುಚ್ಚಿ ನೋಡುವ ಅಭ್ಯಾಸ ಮಾಡಿಸಿ. ನಿಯಮ ಬಾಯಿಪಾಠ ಮಾಡಿಸೋದಕ್ಕಿಂತ ಇದು ಎಷ್ಟೋ ವಾಸಿ. ಬಾಯಿಪಾಠ ಪರೀಕ್ಷೆ ದಿನ ಮರೆತುಹೋಗಬಹುದು, ಮೂರರ ಮಗ್ಗಿ ಮರೆಯಲ್ಲ.

ಚೌಕ ಎಡಕ್ಕಿದ್ದಾಗ

□ ÷ 2/3 = 9/10

12 ಇದ್ದ ಜಾಗದಲ್ಲಿ ಚೌಕ ಇದೆ. ಹಾಗಾಗಿ ಗುಣಿಸಬೇಕು.

□ = 9/10 × 2/3

ಏನನ್ನೂ ತಿರುಗಿಸಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕಂದರೆ ಲೆಕ್ಕದಲ್ಲಿ ÷ ಗುರುತು ಕಂಡ ಕೂಡಲೇ ಕೈ ತಾನಾಗಿ 2/3 ಅನ್ನು 3/2 ಮಾಡಿಬಿಡುತ್ತದೆ. ಮೇಲಿನವನ್ನು ಗುಣಿಸಿ: 9 × 2 = 18. ಕೆಳಗಿನವನ್ನು ಗುಣಿಸಿ: 10 × 3 = 30. 18/30. ಎರಡೂ 6ರ ಮಗ್ಗಿಯಲ್ಲಿ ಬರುತ್ತವೆ, ಆರರಿಂದ ಹೊಡೆದರೆ 3/5. ಚೌಕದಲ್ಲಿರೋದು 3/5.

ಈಗ ತಾಳೆ ನೋಡಿ. 3/5 ÷ 2/3 ಮಾಡಬೇಕು. ತಿರುಗಿಸುವ ಕೆಲಸ ಬರೋದು ಇಲ್ಲಿ: 3/5 × 3/2 = 9/10. ಸರಿಯಾಯಿತು.

ಚೌಕ ಬಲಕ್ಕಿದ್ದಾಗ

ಜಾಸ್ತಿ ತಪ್ಪು ಆಗೋದು ಇಲ್ಲೇ, ಅದಕ್ಕೆ ಸ್ವಲ್ಪ ಹೊತ್ತು ನಿಲ್ಲೋಣ.

5/6 ÷ □ = 10/9

3 ಇದ್ದ ಜಾಗದಲ್ಲಿ ಚೌಕ ಇದೆ. 12 ÷ 4 ಮಾಡಿದ ಹಾಗೆ, ಮೊದಲನೆಯದನ್ನು ಉತ್ತರದಿಂದ ಭಾಗಿಸಬೇಕು.

□ = 5/6 ÷ 10/9

ಈಗ ಇದು ಮಾಮೂಲಿ ಭಿನ್ನರಾಶಿ ಭಾಗಾಕಾರ. ಭಾಜಕವಾದ 10/9 ಅನ್ನು ಮಾತ್ರ ತಿರುಗಿಸಿ: 5/6 × 9/10. ಗುಣಿಸುವ ಮೊದಲೇ ಹೊಡೆದುಕೊಂಡರೆ ಕೆಲಸ ಹಗುರ. 5 ಮತ್ತು 10ನ್ನು ಐದರಿಂದ ಹೊಡೆದರೆ 1 ಮತ್ತು 2. 9 ಮತ್ತು 6ನ್ನು ಮೂರರಿಂದ ಹೊಡೆದರೆ 3 ಮತ್ತು 2. ಉಳಿದದ್ದು 1/2 × 3/2 = 3/4. ತಾಳೆ: 5/6 ÷ 3/4 = 5/6 × 4/3 = 20/18 = 10/9. ಸರಿ.

ಇದೇ ಲೆಕ್ಕವನ್ನು ಮಕ್ಕಳು ಎರಡು ರೀತಿಯಲ್ಲಿ ತಪ್ಪು ಮಾಡುತ್ತಾರೆ. ಮೊದಲನೆಯದು, ಭಾಗಿಸುವ ಬದಲು ಗುಣಿಸಿಬಿಡೋದು. 10/9 × 5/6 = 50/54, ಅಂದರೆ 25/27. ಇದನ್ನು ತಾಳೆ ನೋಡಿದರೆ 5/6 ÷ 25/27 = 5/6 × 27/25 = 9/10. ಬರಬೇಕಾದದ್ದು 10/9, ಬಂದದ್ದು 9/10. ಉತ್ತರ ತಲೆಕೆಳಗಾಗಿ ಬಂತು ನೋಡಿ! ಇದು ಕಾಕತಾಳೀಯ ಅಲ್ಲ. ಚೌಕ ಬಲಕ್ಕಿರುವ ಲೆಕ್ಕದಲ್ಲಿ ಗುಣಿಸಿದರೆ ಪ್ರತಿ ಸಲವೂ ಹೀಗೇ ಆಗುತ್ತದೆ. ಹಾಗಾಗಿ ತಾಳೆ ನೋಡಿದಾಗ ಉತ್ತರ ಉಲ್ಟಾ ಬಂದರೆ ಎಲ್ಲಿ ತಪ್ಪಿತು ಅಂತ ತಲೆಕೆಡಿಸಿಕೊಳ್ಳಬೇಕಿಲ್ಲ, ಭಾಗಿಸಬೇಕಾದ ಕಡೆ ಗುಣಿಸಿದ್ದೀರಿ.

ಎರಡನೆಯದು, ಭಾಗಿಸಬೇಕು ಅಂತ ಗೊತ್ತಿದ್ದೂ ಹಿಂದು ಮುಂದಾಗೋದು. 10/9 ÷ 5/6 ಮಾಡಿ 4/3 ಅಂತ ಬರೆಯುತ್ತಾರೆ. ಸರಿ ಉತ್ತರ 3/4, ಇವರದ್ದು 4/3. ಇಲ್ಲಿ ಉಲ್ಟಾ ಆಗಿದ್ದು ಚೌಕದ ಸಂಖ್ಯೆಯೇ. 12 ÷ □ = 4 ಲೆಕ್ಕದಲ್ಲಿ 4 ÷ 12 ಮಾಡಿದ ಹಾಗೆ ಇದು. ಮೊದಲಿದ್ದ ಸಂಖ್ಯೆ ಮೊದಲೇ ಇರಬೇಕು, ಜಾಗ ಬದಲಾಗೋದು ಚೌಕ ಮತ್ತು ಉತ್ತರ ಮಾತ್ರ. 12 ÷ 3 = 4, 12 ÷ 4 = 3. 12 ಅಲುಗಾಡಲಿಲ್ಲ ಅಲ್ವಾ?

ಲೆಕ್ಕ ಮಾಡುವ ಮೊದಲೇ ಒಂದು ಅಂದಾಜು

ಒಂದಕ್ಕಿಂತ ಚಿಕ್ಕ ಸಂಖ್ಯೆಯಿಂದ ಭಾಗಿಸಿದರೆ ಉತ್ತರ ದೊಡ್ಡದಾಗುತ್ತದೆ. ಒಂದಕ್ಕಿಂತ ದೊಡ್ಡದರಿಂದ ಭಾಗಿಸಿದರೆ ಚಿಕ್ಕದಾಗುತ್ತದೆ. "ಭಾಗಿಸಿದರೆ ಕಮ್ಮಿಯಾಗಬೇಕು" ಅಂತಲೇ ಚಿಕ್ಕಂದಿನಿಂದ ನಂಬಿದ ಮಕ್ಕಳಿಗೆ ಇದು ವಿಚಿತ್ರ ಅನಿಸುತ್ತದೆ. ಒಂದು ಲೀಟರ್ ಹಾಲನ್ನು ಕಾಲು ಲೀಟರಿನ ಲೋಟಕ್ಕೆ ಸುರಿಯಲು ಹೇಳಿ. ನಾಲ್ಕು ಲೋಟ ತುಂಬುತ್ತದೆ. 1 ÷ 1/4 = 4. ಕಣ್ಣಾರೆ ನೋಡಿದ ಮೇಲೆ ಅನುಮಾನ ಉಳಿಯಲ್ಲ.

ಈ ಅಂದಾಜು ಹೇಗೆ ಉಪಯೋಗಕ್ಕೆ ಬರುತ್ತದೆ ನೋಡಿ. 5/6 ÷ □ = 10/9ರಲ್ಲಿ ಉತ್ತರ 5/6ಕ್ಕಿಂತ ದೊಡ್ಡದು. ಅಂದಮೇಲೆ ಚೌಕದಲ್ಲಿರೋದು 1ಕ್ಕಿಂತ ಚಿಕ್ಕದೇ ಆಗಿರಬೇಕು. 4/3 ಅಂತ ಬಂದರೆ ಅದನ್ನು ಅಲ್ಲೇ ಬಿಡಬಹುದು. ಆದರೆ 25/27 ಕೂಡ 1ಕ್ಕಿಂತ ಚಿಕ್ಕದೇ, ಆ ತಪ್ಪು ಈ ಅಂದಾಜಿಗೆ ಸಿಗಲ್ಲ. ಅದಕ್ಕೇ ಅಂದಾಜು ಮಾಡಿದ ಮೇಲೂ ತಾಳೆ ನೋಡಲೇಬೇಕು.

ತಿರುಗಿಸೋದು ಯಾಕೆ?

ಇದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಗೊತ್ತಿಲ್ಲದೆ ತಿರುಗಿಸುವವರೇ ತಪ್ಪು ಜಾಗದಲ್ಲಿ ತಿರುಗಿಸೋದು.

1 ÷ 3/4 ಅಂದರೆ, ಒಂದರಲ್ಲಿ ಎಷ್ಟು ಮುಕ್ಕಾಲು ಇವೆ ಅಂತ ಪ್ರಶ್ನೆ. ಒಂದರಲ್ಲಿ ನಾಲ್ಕು ಕಾಲು ಇವೆ. ಒಂದು ಮುಕ್ಕಾಲಿಗೆ ಮೂರು ಕಾಲು ಬೇಕು. ನಾಲ್ಕು ಕಾಲಿನಲ್ಲಿ ಮೂರು ಕಾಲಿನ ಗುಂಪು ಎಷ್ಟಾಗುತ್ತದೆ? ಒಂದು ಪೂರ್ತಿ ಗುಂಪು, ಉಳಿದ ಒಂದು ಕಾಲು ಇನ್ನೊಂದು ಗುಂಪಿನ ಮೂರನೇ ಒಂದು ಭಾಗ. ಅಂದರೆ 1⅓, ಅದೇ 4/3. ಒಂದರಲ್ಲಿ 4/3 ಇದ್ದರೆ ಐದರಲ್ಲಿ 5 × 4/3. ತಿರುಗಿಸಿದ ಭಿನ್ನರಾಶಿ ಬಂದದ್ದು ಇಲ್ಲಿಂದ. "ಒಂದರಲ್ಲಿ ಭಾಜಕ ಎಷ್ಟು ಸಲ ಇದೆ" ಅನ್ನೋದಕ್ಕೆ ಉತ್ತರ ಅದು. ಹಾಗಾಗಿ ತಿರುಗಿಸುವ ಹಕ್ಕಿರೋದು ಭಾಜಕವನ್ನು ಮಾತ್ರ, ಅದೂ ಭಾಗಿಸುವಾಗ ಮಾತ್ರ.

ಈ ಕ್ರಮ ನಮ್ಮ ನೆಲಕ್ಕೆ ಹಳೆಯದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಭಾಜಕದ ಛೇದವನ್ನು ಅಂಶ ಮಾಡಿಕೊಂಡು ಆಮೇಲೆ ಗುಣಾಕಾರದಂತೆಯೇ ಮಾಡಿ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಅದಕ್ಕೂ ಮುಂಚೆ 499ರಲ್ಲಿ ಆರ್ಯಭಟ ಗೊತ್ತಿಲ್ಲದ ಸಂಖ್ಯೆ ಹುಡುಕಲು ಹಿಂದಕ್ಕೆ ನಡೆಯುವ ದಾರಿ ಹೇಳಿದ್ದ: ಗುಣಿಸಿದ್ದರೆ ಭಾಗಿಸು, ಭಾಗಿಸಿದ್ದರೆ ಗುಣಿಸು, ಕೂಡಿಸಿದ್ದರೆ ಕಳೆ, ಕಳೆದಿದ್ದರೆ ಕೂಡಿಸು. ನಮ್ಮ ಮೊದಲ ಲೆಕ್ಕ ಇದೇ. ಚೌಕದಿಂದ ಹೊರಟು 2/3ರಿಂದ ಭಾಗಿಸಿದ್ದಾರೆ, ಅದಕ್ಕೆ ವಾಪಸ್ ಬರುವಾಗ 2/3ರಿಂದ ಗುಣಿಸಿದೆವು. ಆದರೆ ಎರಡನೇ ಲೆಕ್ಕ ಚೌಕದಿಂದ ಹೊರಟಿಲ್ಲ, 5/6ರಿಂದ ಹೊರಟಿದೆ. ಚೌಕ ಅಲ್ಲಿ ದಾರಿ ಮಧ್ಯೆ ಸಿಗುತ್ತದೆ. ಅದಕ್ಕೇ "ಭಾಗಿಸಿದ್ದರೆ ಗುಣಿಸು" ಅಂತ ನೇರವಾಗಿ ಹಾಕಿದರೆ ಕೆಲಸ ಮಾಡಲ್ಲ. ಹೈಸ್ಕೂಲಿಗೆ ಹೋಗಿ ಸಮೀಕರಣ ಶುರುವಾದಾಗಲೂ ಮಕ್ಕಳು ಇದೇ ಜಾಗದಲ್ಲಿ ಎಡವುತ್ತಾರೆ, ಈಗಲೇ ಗಟ್ಟಿ ಮಾಡಿಕೊಂಡರೆ ಆಗ ಅರ್ಧ ಕಷ್ಟ ತಪ್ಪುತ್ತದೆ.

ಮಿಶ್ರ ಭಿನ್ನರಾಶಿ ಬಂದರೆ

ಗಾಬರಿ ಬೇಡ, ಮೊದಲು ಅದನ್ನು ವಿಷಮ ಭಿನ್ನರಾಶಿ ಮಾಡಿಕೊಳ್ಳಿ. 2½ ÷ □ = 3¾. ಎರಡೂವರೆ ಅಂದರೆ 5/2, ಮೂರೂಮುಕ್ಕಾಲು ಅಂದರೆ 15/4. ಚೌಕ ಬಲಕ್ಕಿದೆ, ಭಾಗಿಸಬೇಕು. 5/2 ÷ 15/4 = 5/2 × 4/15 = 20/30 = 2/3. ಮಿಶ್ರ ಭಿನ್ನರಾಶಿಯನ್ನು ಹಾಗೇ ಇಟ್ಟು 3¾ನ್ನು ತಿರುಗಿಸಿ "3 4/3" ಅಂತ ಬರೆಯುವ ಮಕ್ಕಳಿದ್ದಾರೆ. ಪೂರ್ಣಸಂಖ್ಯೆ ಪಕ್ಕದಲ್ಲಿ ಇರುವಾಗ ತಿರುಗಿಸುವ ಹಾಗೇ ಇಲ್ಲ.

ಚೌಕ ಭಿನ್ನರಾಶಿಯ ಹೊಟ್ಟೆಯೊಳಗಿದ್ದರೆ

ಪರೀಕ್ಷೆಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಹೀಗೂ ಕೇಳುತ್ತಾರೆ:

3/4 ÷ □/8 = 2

ಅಂಶ ಮಾತ್ರ ಗೊತ್ತಿಲ್ಲ, ಛೇದ ಕೊಟ್ಟಿದ್ದಾರೆ. ಇಲ್ಲಿ □/8 ಇಡೀ ಒಂದು ಸಂಖ್ಯೆ ಅಂತ ತಿಳಿದು ಅದನ್ನು ಅಂಗೈಯಿಂದ ಮುಚ್ಚಿ. 3/4 ÷ (ಮುಚ್ಚಿದ್ದು) = 2. ಬಲಕ್ಕಿದೆ, ಭಾಗಿಸಿ: 3/4 ÷ 2 = 3/4 × 1/2 = 3/8. ಅಂದರೆ □/8 = 3/8. ಚೌಕದಲ್ಲಿ 3. ಮುಗೀತು.

ಛೇದದಲ್ಲಿ ಚೌಕ ಇದ್ದರೂ ದಾರಿ ಇದೇ. 4/□ ÷ 2/3 = 1/2. ಈ ಸಲ ಮುಚ್ಚಿದ್ದು ಎಡಕ್ಕಿದೆ, ಗುಣಿಸಿ: 1/2 × 2/3 = 1/3. ಈಗ 4/□ = 1/3. ಕೆಲವರು ಇಲ್ಲಿ ಚೌಕದಲ್ಲಿ 3 ಅಂತ ಬರೆದು ಪುಸ್ತಕ ಮುಚ್ಚಿಬಿಡುತ್ತಾರೆ. ಅಂಶ ನೋಡಿ, ಎಡಗಡೆ 4 ಇದೆ, ಬಲಗಡೆ 1. 1/3ನ್ನು ಅಂಶ 4 ಬರುವ ಹಾಗೆ ಬರೆಯಬೇಕು: 4/12. ಚೌಕದಲ್ಲಿ 12. ತಾಳೆ ನೋಡಿದರೆ 4/12 ÷ 2/3 = 1/3 × 3/2 = 1/2. ಸರಿ.

ಇನ್ನೊಂದು ಕಡೆ ಎಚ್ಚರ ಬೇಕು. □/12 ÷ 3/4 = 8/9 ಲೆಕ್ಕದಲ್ಲಿ 8/9 × 3/4 = 24/36 ಬರುತ್ತದೆ. ಪೂರ್ತಿ ಸಂಕ್ಷೇಪಿಸಿದರೆ 2/3. ಆದರೆ ನಮಗೆ ಬೇಕಾದ ಛೇದ 12. ಹಾಗಾಗಿ 2/3ಕ್ಕೆ ಮತ್ತೆ 8/12 ರೂಪ ಕೊಡಬೇಕು, ಚೌಕದಲ್ಲಿ 8. ಚಿಕ್ಕದು ಮಾಡುವ ಅಭ್ಯಾಸ ಒಳ್ಳೆಯದೇ, ಆದರೆ ಈ ಥರದ ಲೆಕ್ಕದಲ್ಲಿ ಕೊಟ್ಟ ಛೇದ ಅಥವಾ ಅಂಶದ ಕಡೆ ಒಂದು ಕಣ್ಣಿರಲಿ.

ಮಾತಿನ ಲೆಕ್ಕ: ತಂಬಿಗೆ, ಬಟ್ಟೆ, ಜಮೀನು

ಮಾತಿನಲ್ಲಿ ಕೊಟ್ಟ ಲೆಕ್ಕದಲ್ಲಿ ಚೌಕ ಎಲ್ಲಿ ಅಂತ ಯಾರೂ ತೋರಿಸಲ್ಲ. ನಾವೇ ಬರೆದುಕೊಳ್ಳಬೇಕು. ಒಟ್ಟು ಎಷ್ಟು, ಒಂದೊಂದು ಎಷ್ಟು, ಎಷ್ಟು ಸಲ. ಈ ಮೂರನ್ನು ಹುಡುಕಿ ಇದೇ ಕ್ರಮದಲ್ಲಿ ಇಡಿ: ಒಟ್ಟು ÷ ಒಂದೊಂದು = ಎಷ್ಟು ಸಲ.

"ಮುಕ್ಕಾಲು ಲೀಟರ್ ಹಿಡಿಯುವ ತಂಬಿಗೆಯಿಂದ ಆರೂವರೆ ತಂಬಿಗೆ ನೀರು ತುಂಬಿಸಿದರೆ ಕೊಡ ತುಂಬಿತು. ಕೊಡ ಎಷ್ಟು ಲೀಟರ್ ಹಿಡಿಯುತ್ತದೆ?" ಒಟ್ಟು ಗೊತ್ತಿಲ್ಲ. □ ÷ 3/4 = 6½. ಗುಣಿಸಿ: 13/2 × 3/4 = 39/8, ಅಂದರೆ 4⅞ ಲೀಟರ್.

"ನಾಲ್ಕೂವರೆ ಮೀಟರ್ ಬಟ್ಟೆಯಲ್ಲಿ ಒಂದೇ ಅಳತೆಯ ಆರು ರವಿಕೆ ಪೀಸ್ ಕತ್ತರಿಸಿದರು. ಒಂದೊಂದು ಎಷ್ಟು?" ಒಟ್ಟು 9/2, ಎಷ್ಟು ಸಲ 6. 9/2 ÷ □ = 6. ಭಾಗಿಸಿ: 9/2 × 1/6 = 9/12 = 3/4 ಮೀಟರ್.

ಜಮೀನಿನ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ, ದೊಡ್ಡವರೂ ಗಮನಿಸಬೇಕು. ಪಹಣಿಯಲ್ಲಿ ವಿಸ್ತೀರ್ಣದ ಜಾಗದಲ್ಲಿ 2.20 ಅಂತ ಕಂಡರೆ ಅದು ದಶಮಾಂಶ ಅಲ್ಲ, ಎರಡು ಎಕರೆ ಇಪ್ಪತ್ತು ಗುಂಟೆ. 40 ಗುಂಟೆಗೆ ಒಂದು ಎಕರೆ. ಹಾಗಾಗಿ 20 ಗುಂಟೆ ಅಂದರೆ ಅರ್ಧ ಎಕರೆ, ಒಟ್ಟು 2½ ಎಕರೆ. ಇದನ್ನು ನಾಲ್ಕು ಸಮ ಪಾಲು ಮಾಡಿದರೆ ಒಂದೊಂದು ಪಾಲು ಎಷ್ಟು? 5/2 ÷ □ = 4. □ = 5/2 × 1/4 = 5/8 ಎಕರೆ. ಗುಂಟೆಗೆ ತಿರುಗಿಸಿದರೆ 5/8 × 40 = 25 ಗುಂಟೆ. ಕ್ಯಾಲ್ಕುಲೇಟರಿನಲ್ಲಿ 2.20 ÷ 4 ಅಂತ ಒತ್ತಿದರೆ 0.55 ಬರುತ್ತದೆ, 0.55 ಎಕರೆ ಅಂದರೆ 22 ಗುಂಟೆ. ಒಂದೊಂದು ಪಾಲಿನಲ್ಲಿ ಮೂರು ಮೂರು ಗುಂಟೆ ಕಾಣೆ! ಭಿನ್ನರಾಶಿ ಯಾಕೆ ಕಲಿಯಬೇಕು ಅಂತ ಕೇಳುವ ಮಕ್ಕಳಿಗೆ ಈ ಲೆಕ್ಕವನ್ನೇ ತೋರಿಸಿ.

ಇನ್ನೊಂದು ಮಾತು ಉಳಿದ ಭಾಗದ ಬಗ್ಗೆ. 5 ಲೀಟರ್ ಎಣ್ಣೆಯನ್ನು ಮುಕ್ಕಾಲು ಲೀಟರಿನ ಬಾಟಲಿಗೆ ತುಂಬಿದರೆ 5 ÷ 3/4 = 20/3 = 6⅔. ಆರು ಬಾಟಲಿ ತುಂಬಿ ⅔ ಲೀಟರ್ ಉಳಿಯಿತು ಅಂತ ಓದಬೇಡಿ. ಆರು ಬಾಟಲಿಗೆ ನಾಲ್ಕೂವರೆ ಲೀಟರ್ ಹೋಯಿತು, ಉಳಿದದ್ದು ಅರ್ಧ ಲೀಟರ್. ಆ ಅರ್ಧ ಲೀಟರ್ ಏಳನೇ ಬಾಟಲಿಯ ಮೂರರಲ್ಲಿ ಎರಡು ಭಾಗ ತುಂಬುತ್ತದೆ. ⅔ ಅಂದರೆ ಬಾಟಲಿಯ ⅔.

ತಿರುಗಿಸದೆ ತಾಳೆ ನೋಡುವ ದಾರಿ

ಲೆಕ್ಕ ಮಾಡಿದ ರೀತಿಯಲ್ಲೇ ತಾಳೆ ನೋಡಿದರೆ ಮಾಡಿದ ತಪ್ಪನ್ನೇ ಮತ್ತೆ ಮಾಡುವ ಸಾಧ್ಯತೆ ಇದೆ. ಅದಕ್ಕೆ ಬೇರೆ ದಾರಿ ಒಂದು ಕೈಯಲ್ಲಿರಲಿ. ಎರಡೂ ಭಿನ್ನರಾಶಿಗೆ ಒಂದೇ ಛೇದ ಕೊಡಿ, ಆಮೇಲೆ ಅಂಶಗಳನ್ನು ಮಾತ್ರ ಭಾಗಿಸಿ. 5/6 ÷ 3/4 ತೆಗೆದುಕೊಳ್ಳಿ. 6 ಮತ್ತು 4ರ ಲ.ಸಾ.ಅ. 12. 10/12 ÷ 9/12. ಹನ್ನೆರಡನೇ ತುಂಡುಗಳು ಹತ್ತು, ಅದನ್ನು ಒಂಬತ್ತು ತುಂಡಿನಿಂದ ಭಾಗಿಸಿದರೆ 10 ÷ 9, ಅಂದರೆ 10/9. ತಿರುಗಿಸುವ ಗೊಡವೆಯೇ ಇಲ್ಲ. ನನ್ನನ್ನು ಕೇಳಿದರೆ ಮಕ್ಕಳಿಗೆ ಮೊದಲು ಈ ದಾರಿ ಕಲಿಸಿ ಆಮೇಲೆ ತಿರುಗಿಸೋದನ್ನು ಕಲಿಸಬೇಕು, ಆದರೆ ಪಠ್ಯದ ಓಟದಲ್ಲಿ ಶಿಕ್ಷಕರಿಗೆ ಅಷ್ಟು ಸಮಯ ಸಿಗೋದು ಕಷ್ಟ. ಮನೆಯಲ್ಲಾದರೂ ಒಂದು ಸಂಜೆ ಇದಕ್ಕೆ ಕೊಡಿ.

ಸೊನ್ನೆಯ ವಿಷಯ ಚುಟುಕಾಗಿ. □ ÷ 3/4 = 0 ಇದ್ದರೆ ಚೌಕದಲ್ಲಿ 0. ಆದರೆ 3/4 ÷ □ = 0 ಅಂತ ಕೊಟ್ಟರೆ ಅದಕ್ಕೆ ಉತ್ತರವೇ ಇಲ್ಲ, ಮುಕ್ಕಾಲನ್ನು ಯಾವ ಸಂಖ್ಯೆಯಿಂದ ಭಾಗಿಸಿದರೂ ಸೊನ್ನೆ ಬರಲ್ಲ.

ಈಗ ನೀವೇ ಮಾಡಿ

ಉತ್ತರ ಕೆಳಗಿದೆ, ಕೈ ಅಡ್ಡ ಇಟ್ಟುಕೊಂಡು ಮಾಡಿ. ಪ್ರತಿ ಲೆಕ್ಕಕ್ಕೂ ಮೊದಲು ಚೌಕ ಎಡಕ್ಕಾ ಬಲಕ್ಕಾ ಅಂತ ಬಾಯಿಬಿಟ್ಟು ಹೇಳಿ, ಆಮೇಲೆ ಪೆನ್ಸಿಲ್ ಎತ್ತಿ.

□ ÷ 5/8 = 4/15

7/9 ÷ □ = 14/15

1½ ÷ □/4 = 2

3/□ ÷ 6/7 = 1/2

ಕೊನೆಯದು ಮಾತಿನ ಲೆಕ್ಕ: ಪಹಣಿಯಲ್ಲಿ 3.30 ಇರುವ ಅಡಿಕೆ ತೋಟವನ್ನು ಐದು ಸಮ ಪಾಲು ಮಾಡಬೇಕು, ಒಂದು ಪಾಲು ಎಷ್ಟು?

ಉತ್ತರಗಳು ಕ್ರಮವಾಗಿ 1/6, 5/6, 3, 7. ತೋಟದ ಲೆಕ್ಕದಲ್ಲಿ ಒಟ್ಟು 3¾ ಎಕರೆ, 15/4 ÷ □ = 5, ಒಂದು ಪಾಲು 3/4 ಎಕರೆ, ಅಂದರೆ 30 ಗುಂಟೆ. ಇದರಲ್ಲಿ ಯಾವುದಾದರೂ ತಪ್ಪಿದ್ದರೆ ಉತ್ತರವನ್ನು ಅಳಿಸಬೇಡಿ. ಬಂದ ಸಂಖ್ಯೆಯನ್ನು ಚೌಕದಲ್ಲಿ ಹಾಕಿ ತಾಳೆ ನೋಡಿ. ಕೊಟ್ಟ ಉತ್ತರ ಉಲ್ಟಾ ಬಂತಾ, ಅಥವಾ ಚೌಕದ ಸಂಖ್ಯೆಯೇ ಉಲ್ಟಾ ಆಗಿದೆಯಾ ಅಂತ ಗಮನಿಸಿ. ಎರಡೂ ಅಲ್ಲದಿದ್ದರೆ ಮಗ್ಗಿಯಲ್ಲೋ ಹೊಡೆಯುವಾಗಲೋ ತಪ್ಪಿರಬಹುದು, ಅದನ್ನು ಹುಡುಕಲು ಎರಡು ನಿಮಿಷ ಸಾಕು.